ತಂತಿ ಮುಟ್ಟುವ ಮುಂಚೆ

ಗಾಳಿ ಬೀಸಿದರೆ ನನಗೆ ಭಯವಿಲ್ಲ, ನಿಂತರೆ ಭಯ. ಮಧ್ಯಾಹ್ನ ಮೂರರ ಹೊತ್ತಿಗೆ ಎದುರಿನ ಹೊಂಗೆಮರದ ಒಂದೆಲೆಯೂ ಅಲುಗದಿದ್ದರೆ, ತಿದ್ದುತ್ತಿದ್ದ ಉತ್ತರಪತ್ರಿಕೆ ಬದಿಗಿಟ್ಟು ಗೇಟಿನ ತನಕ ಹೋಗುತ್ತೇನೆ. ಪಡುವಣ ದಿಕ್ಕು ನೋಡುತ್ತೇನೆ. ಒಳಗೆ ಬಂದು ಮೋಟಾರು ಹಾಕಿ ಟ್ಯಾಂಕು ತುಂಬಿಸುತ್ತೇನೆ, ಫೋನು ಚಾರ್ಜಿಗೆ ಹಾಕುತ್ತೇನೆ, ಮತ್ತೆ ಗೇಟಿಗೆ ಹೋಗುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳೆ ಎಂದು ನಮ್ಮ ಮನೆಯವರು ಗೊಣಗುತ್ತಾರೆ. ಈ ಚಟ ಅಂಟಿಸಿದವರು ನಮ್ಮ ಓಣಿಯಲ್ಲಿದ್ದ ಲೈನ್‌ಮನ್. ಹೋದ ತಿಂಗಳು ಹರಿಹರದಲ್ಲಿ ಅವರು ನಿವೃತ್ತರಾದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಓಣಿಯಲ್ಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ದೊಡ್ಡವರಿಗೆ ಅವರು ಲೈನ್‌ಮನ್, ಮಕ್ಕಳಿಗೆ ಕರೆಂಟ್ ಮಾಮ.

ದಾವಣಗೆರೆಯ ಸರಸ್ವತಿ ನಗರದ ನಮ್ಮ ಓಣಿಯಲ್ಲಿ ನಮ್ಮದು ಕೊನೆಯ ಮನೆ. ಅವರು ಮೊದಲ ತಿರುವಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದರು. ಸ್ವಂತ ಮನೆ ಹರಿಹರದಲ್ಲಿ, ಹೊಳೆಯ ಕಡೆಗೆ. ಅಲ್ಲಿ ಅವರ ತಮ್ಮನ ಸಂಸಾರ, ತಾಯಿ. ನಾನು ಎಂ.ಸಿ.ಸಿ. ಬಡಾವಣೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ಶಾಲೆಯ ಮಕ್ಕಳೆಲ್ಲ ಮಿಸ್ ಎನ್ನುತ್ತಾರೆ, ಪಾಲಕರು ಮೇಡಂ ಎನ್ನುತ್ತಾರೆ. ಹಳೆಯ ಕಾಲದವರ ಹಾಗೆ ಅಕ್ಕೋರೆ ಎಂದು ಕರೆದವರು ಈ ಊರಲ್ಲಿ ಅವರೊಬ್ಬರೇ. ಅವರಿಗೆ ಮೇಷ್ಟರು, ಅಕ್ಕೋರು ಎಂದರೆ ದೇವರ ನಂತರದವರು. ಆ ನಂಬಿಕೆ ಅವರಿಗೆ ಒಳ್ಳೆಯದು ಮಾಡಲಿಲ್ಲ.

ಸಣ್ಣ ಆಳು, ಒಣಕಲು ಮೈ, ಒಂದು ಕಡೆ ನಿಲ್ಲದ ಕಣ್ಣು. ಮಾತಾಡುವಾಗಲೂ ನಮ್ಮ ಮುಖ ನೋಡುತ್ತಿರಲಿಲ್ಲ. ನಮ್ಮ ತಲೆಯ ಮೇಲಿನ ತಂತಿ ನೋಡುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಯಾರೊಂದಿಗೆ ಮಾತಾಡುತ್ತಿದ್ದೀರಿ, ನನ್ನ ಜೊತೆಗೋ ಕಂಬದ ಜೊತೆಗೋ ಎಂದು ಒಮ್ಮೆ ಕೇಳಿಯೇಬಿಟ್ಟಿದ್ದೆ. ಅವರು ನಕ್ಕು, ಕಂಬದ ಮೇಲಿನ ಕಣ್ಣು ಕೀಳದೆಯೇ ಕ್ಷಮೆ ಕೇಳಿದರು.

ಟೀವಿಯವರು ಹೇಳುವ ಹವಾಮಾನ ಅವರಿಗೆ ಬೇಕಿರಲಿಲ್ಲ. ಅದು ರಾಜ್ಯದ ಹವಾಮಾನ, ತಮಗೆ ಬೇಕಾದದ್ದು ಈ ಓಣಿಯದು ಎನ್ನುತ್ತಿದ್ದರು. ಓಣಿಯ ಪ್ರತಿ ಮರದ ಸ್ವಭಾವವೂ ಅವರಿಗೆ ಗೊತ್ತಿತ್ತು. ಗುಲ್‌ಮೊಹರ್ ನೋಡಲಷ್ಟೇ ಚೆಂದ, ಜೋರು ಗಾಳಿಗೆ ಮೊದಲು ಕೊಂಬೆ ಬಿಟ್ಟುಕೊಡುವುದು ಅದೇ. ಬೇವನ್ನು ನಂಬಬಹುದು. ಹೊಂಗೆ ಗಟ್ಟಿಯೇ, ಆದರೆ ಶಿವರಾತ್ರಿಗೆ ಬೋಳಾದದ್ದು ಯುಗಾದಿ ದಾಟುವುದರೊಳಗೆ ಮೈತುಂಬ ಎಲೆ ಹೊತ್ತುಕೊಳ್ಳುತ್ತದೆ. ಆ ಭಾರದಲ್ಲಿ ಭರಣಿ ಮಳೆಯ ಗಾಳಿ ಸಿಕ್ಕರೆ ಕಷ್ಟ. ಹಾಗಾಗಿ ಯುಗಾದಿಯ ಮರುವಾರವೇ ಉದ್ದದ ಬಿದಿರಿಗೆ ಕುಡುಗೋಲು ಕಟ್ಟಿಕೊಂಡು ಓಣಿ ಸುತ್ತುತ್ತಿದ್ದರು. ನಮ್ಮ ಮನೆಯ ಮುಂದಿನ ಹೊಂಗೆಯನ್ನು ಕತ್ತರಿಸಲು ನಾನು ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಅದರ ನೆರಳೊಂದೇ ನಮಗೆ ಗತಿ. ವರ್ಷವೂ ನಮ್ಮಿಬ್ಬರಿಗೆ ಅದೇ ಜಗಳ, ವರ್ಷವೂ ನಾನೇ ಗೆಲ್ಲುತ್ತಿದ್ದೆ.

ಕಾಗೆಗಳ ಜೊತೆಗೂ ಅವರಿಗೆ ಜಗಳವಿತ್ತು. ಏಪ್ರಿಲ್ ಬಂತೆಂದರೆ ನಮ್ಮ ಕಾಗೆಗಳು ಮರ ಬಿಟ್ಟು ಕಂಬದ ಮೇಲೆ ಗೂಡು ಕಟ್ಟುತ್ತವೆ. ಕಡ್ಡಿಯ ಜೊತೆ ಕಬ್ಬಿಣದ ತಂತಿಯ ಚೂರು, ಬಟ್ಟೆ ಒಣಗಿಸುವ ಕ್ಲಿಪ್ಪು, ಸಿಕ್ಕಿದ್ದೆಲ್ಲ ತರುತ್ತವೆ. ಆ ಚೂರು ತಂತಿಗೆ ತಾಗಿದರೆ ಓಣಿಗೆ ಕತ್ತಲೆ. ಗೂಡು ಕಿತ್ತುಹಾಕಿ ಎಂದು ಆಫೀಸಿನಿಂದ ಹೇಳುತ್ತಿದ್ದರಂತೆ. ಇವರು ಏಣಿ ಹತ್ತಿ ಕಬ್ಬಿಣದ ಚೂರುಗಳನ್ನಷ್ಟೇ ಆರಿಸಿ ತೆಗೆದು, ಕಡ್ಡಿಗಳನ್ನು ಹಾಗೆಯೇ ಬಿಟ್ಟು ಇಳಿಯುತ್ತಿದ್ದರು. ಮೊಟ್ಟೆ ಇಟ್ಟ ಮೇಲೆ ಗೂಡು ಕೀಳಬಾರದೆಂಬುದು ಅವರ ನೇಮ. ಕಾಗೆಗಳಿಗೆ ಆ ಉಪಕಾರ ಎಲ್ಲಿ ತಿಳಿಯಬೇಕು. ಕೆಲಸದ ಮೇಲಿರಲಿ, ಹಾಲು ತರಲು ಹೋಗುತ್ತಿರಲಿ, ಅವರನ್ನು ಕಂಡರೆ ಸಾಕು, ಬಂದು ತಲೆಗೆ ಕುಕ್ಕುತ್ತಿದ್ದವು. ಹಾಗಾಗಿ ಏಪ್ರಿಲ್, ಮೇ ಪೂರ್ತಿ ಅವರು ಸುಡುಬಿಸಿಲಿನಲ್ಲಿ, ಮೋಡವಿಲ್ಲದ ಬೆಳಗಿನಲ್ಲಿ ಕೊಡೆ ಬಿಚ್ಚಿಕೊಂಡೇ ಓಡಾಡುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದವರು, ಈ ಮನುಷ್ಯನಿಗೆ ಏನೋ ತೊಂದರೆಯಿರಬೇಕು ಎಂದು ನನ್ನನ್ನು ಗುಟ್ಟಾಗಿ ಕೇಳಿದ್ದುಂಟು.

ಆಷಾಢದ ಗಾಳಿಗೆ ತಂತಿಗಳು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿರುವಾಗ ಅವರು ಮನೆಯಿಂದ ಹೊರಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಯಾವ ಕಂಬದ ತಂತಿ ಸಡಿಲವಾಗಿದೆಯೆಂದು ಸದ್ದಿನಿಂದಲೇ ಹೇಳುತ್ತಿದ್ದರು. ದಾವಣಗೆರೆಯಲ್ಲಿ ಒಂದು ಹನಿ ಬೀಳದೆ ಬಿಸಿಲು ಕಾಯುತ್ತಿರುವಾಗ, ಹರಿಹರದಲ್ಲಿ ಹೊಳೆ ಏರಿದೆ, ಅಲ್ಲಿಯ ಕೆಲಸಕ್ಕೆ ಕರೆದಿದ್ದಾರೆ ಎಂದು ಹೊರಟುಬಿಡುತ್ತಿದ್ದರು. ಮಳೆಯೇ ಇಲ್ಲದೆ ಹೊಳೆ ಹೇಗೆ ಏರುತ್ತದೆಂದು ಪಕ್ಕದ ಮನೆಯ ಮಗು ಕೇಳಿದಾಗ ಅವರು ಕೊಟ್ಟ ಉತ್ತರವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. "ನಮ್ಮ ಹೊಳಿಗೆ ಮಳಿ ಸುರಿಸೋ ಆಕಾಶ ಬ್ಯಾರೆ ಐತೆ, ಮಲೆನಾಡಾಗ. ನಮ್ಮ ತಲಿ ಮ್ಯಾಲಿಂದಷ್ಟೇ ನೋಡ್ಕೊಂಡು ಲೆಕ್ಕ ಹಾಕಬಾರದು."

ಕರೆಂಟು ಹೋದರೆ ಮೊದಲು ಅವರಿಗೆ ಫೋನು ಮಾಡುತ್ತಿದ್ದವಳು ನಾನೇ. ಎರಡು ನಿಮಿಷ ತಾಳುವ ಗುಣ ನನ್ನದಲ್ಲ. ಅವರ ಕೆಲಸದ ರೀತಿ ನನ್ನ ತಾಳ್ಮೆಯನ್ನು ಇನ್ನಷ್ಟು ಕೆಣಕುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಫ್ಯೂಸು ಕಿತ್ತು ತಮ್ಮ ಚೀಲದಲ್ಲಿ ಹಾಕಿಕೊಂಡ ಮೇಲೂ ಅವರು ಏಣಿ ಹತ್ತುತ್ತಿರಲಿಲ್ಲ. ಮೊದಲ ಮನೆಯಿಂದ ಹಿಡಿದು ನಮ್ಮ ಮನೆಯ ತನಕ ಒಂದೊಂದೇ ಬಾಗಿಲು ಬಡಿಯುತ್ತಿದ್ದರು. ಜನರೇಟರ್ ಏನಾದರೂ ಹಚ್ಚಿದ್ದೀರೋ ಎಂದು ಕೇಳುತ್ತಿದ್ದರು. ಮೇನ್ ಸ್ವಿಚ್ಚು ಇಳಿಸಿ ಎನ್ನುತ್ತಿದ್ದರು. ಇಳಿಸಿದ್ದೇವೆ ಎಂದರೂ ಬಿಡದೆ ಚಪ್ಪಲಿ ಕಳಚಿ ಒಳಗೆ ಬಂದು ಕಣ್ಣಾರೆ ನೋಡುತ್ತಿದ್ದರು. ಮನೆಯೊಳಗಿನ ಜನರೇಟರಿನ ಕರೆಂಟು ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿದರೆ, ಸತ್ತಿದೆ ಎಂದುಕೊಂಡ ತಂತಿ ಬದುಕಿರುತ್ತದೆ. ಅದನ್ನು ಮುಟ್ಟಿ ಹೋದವರನ್ನು ಅವರು ಕಂಡಿದ್ದರಂತೆ. ನಾವೆಲ್ಲ, ಚಹಾದ ಆಸೆಗೆ ಮನೆಮನೆ ನುಗ್ಗುತ್ತಾನೆ ಎಂದು ನಗುತ್ತಿದ್ದೆವು.

ಎಂಟು ವರ್ಷದ ಹಿಂದೆ, ಏಪ್ರಿಲ್ ಕೊನೆಯಲ್ಲಿ ನನ್ನ ಮಗಳ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬುಸ. ಚೊಚ್ಚಲ ಬಸಿರು, ಏಳನೇ ತಿಂಗಳು. ಸಂಜೆ ನಾಲ್ಕೂವರೆಗೆ ಹಾಲ್ ತುಂಬ ಹೆಂಗಸರು, ನಡುವೆ ಹಸಿರು ಸೀರೆ ಉಟ್ಟು ಮಗಳು ಕೂತಿದ್ದಳು. ಅವತ್ತು ಮಧ್ಯಾಹ್ನವೇ ಲೈನ್‌ಮನ್ ಬಂದು, ಗಾಳಿ ನಿಂತಿದೆ, ಶಾಮಿಯಾನ ಬಿಗಿ ಮಾಡಿಸಿ ಎಂದು ಹೇಳಿ ಹೋಗಿದ್ದರು. ಐದಕ್ಕೆ ಗಾಳಿ ಎದ್ದಿತು. ನಾನು ವರ್ಷವೂ ಜಗಳವಾಡಿ ಉಳಿಸಿಕೊಂಡಿದ್ದ ಹೊಂಗೆಯ ಕೊಂಬೆಯೇ ಮುರಿದು ತಂತಿಯ ಮೇಲೆ ಒರಗಿತು. ಕರೆಂಟು ಹೋಯಿತು. ಅರ್ಧ ಗಂಟೆ ಮಳೆ ಬಡಿದು ನಿಂತಿತು. ಒಳಗೆ ಸೆಕೆ, ಬಸುರಿ ಹೆಣ್ಣುಮಗಳು ಬೆವೆತು ಹೋಗಿದ್ದಳು.

ಶಾಮಿಯಾನದವನ ಹತ್ತಿರ ಒಂದು ಸಣ್ಣ ಜನರೇಟರ್ ಇತ್ತು. ಎರಡೂ ತುದಿಗೆ ಪಿನ್ನಿರುವ ಒಂದು ವೈರು ಸಿಕ್ಕಿಸಿ ಅದನ್ನು ನಮ್ಮ ಮೈದುನ ಅಡುಗೆಮನೆಯ ಪ್ಲಗ್ಗಿಗೆ ಕೊಟ್ಟ. ಹಾಗೆ ಮಾಡಿದರೆ ಇಡೀ ಮನೆಯ ಫ್ಯಾನು, ದೀಪ ನಡೆಯುತ್ತವೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾಡುತ್ತಾರೆ. ಮೇನ್ ಇಳಿಸಿಬಿಡಿ ಅತ್ತಿಗೆ ಎಂದು ಅವನು ಒಳಗಿನಿಂದಲೇ ಕೂಗಿದ. ಹೂಂ ಎಂದೆ. ಮೇನ್ ಇದ್ದದ್ದು ಮುಂಬಾಗಿಲ ಹಿಂದೆ. ಅತ್ತ ಹೊರಟವಳ ಕೈಗೆ ಯಾರೋ ಆರತಿ ತಟ್ಟೆ ಕೊಟ್ಟರು. ಫ್ಯಾನು ತಿರುಗಿತು, ಹೆಂಗಸರೆಲ್ಲ ಉಸ್ಸೆಂದರು, ಹಾಡು ಶುರುವಾಯಿತು. ನಾನು ತಟ್ಟೆ ಹಿಡಿದು ಅಲ್ಲೇ ನಿಂತೆ.

ಅಷ್ಟರಲ್ಲಿ ಅವರು ಮೊದಲ ಮನೆಯಿಂದ ಒಂದೊಂದೇ ಬಾಗಿಲು ಬಡಿಯುತ್ತ ನಮ್ಮ ಮೆಟ್ಟಿಲ ಬಳಿ ಬಂದಿದ್ದರು. ಮೊಣಕಾಲಿನ ತನಕ ಕೆಸರು, ಮೈಯೆಲ್ಲ ತೊಯ್ದಿತ್ತು.

"ಅಕ್ಕೋರೆ, ಜನರೇಟರ್ ಸಪ್ಪಳ ಕೇಳ್ತೈತಲ್ಲ. ಮೇನ್ ಇಳಿಸೀರೇನ್ರಿ?"

"ಇಳಿಸೀವ್ರಿ. ನೀವು ಲಗೂನ ಕರೆಂಟ್ ಕೊಡ್ರಿ."

ಅವರು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟರು. ಒಳಗೆ ಜಮಖಾನದ ಮೇಲೆ ಕೂತಿದ್ದ ಮುತ್ತೈದೆಯರನ್ನು ನೋಡಿದರು, ತಮ್ಮ ಕಾಲಿನ ಕೆಸರು ನೋಡಿಕೊಂಡರು. ಕುಬುಸದ ಮನೆಗೆ ಆ ಕಾಲಲ್ಲಿ ನುಗ್ಗಲು ಅವರಿಗೆ ಮನಸ್ಸಾಗಲಿಲ್ಲ. ನೀವು ಹೇಳಿದ ಮೇಲೆ ಆಯಿತು ಬಿಡಿ ಎಂದು ಮೆಟ್ಟಿಲಿಳಿದರು.

ಆರತಿ ಮುಗಿದಿರಲಿಲ್ಲ. ಹೊರಗೆ ಕೊಂಬೆ ಕಡಿಯುವ ಸಪ್ಪಳ, ಆಮೇಲೆ ಒಂದು ಕೂಗು, ಏಣಿ ಬಿದ್ದ ಸದ್ದು. ನಾನು ಮೊದಲು ಹೊರಗೆ ಓಡಲಿಲ್ಲ. ಬಾಗಿಲ ಹಿಂದೆ ಹೋಗಿ ಮೇನ್ ನೋಡಿದೆ. ಅದು ಮೇಲೇ ಇತ್ತು. ಇಳಿಸಿದೆ. ಅವರನ್ನು ಉಳಿಸಲೆಂದು ಇಳಿಸಿದೆನೋ, ನನ್ನನ್ನು ಉಳಿಸಿಕೊಳ್ಳಲೆಂದೋ, ಇವತ್ತಿಗೂ ಹೇಳಲಾರೆ. ಹೊರಗೆ ಹೋಗಿ ನೋಡಿದರೆ ಅವರು ಕಡಿದು ಕೆಡವಿದ್ದ ಹೊಂಗೆಯ ಕೊಂಬೆಗಳ ರಾಶಿಯ ಮೇಲೆಯೇ ಬಿದ್ದಿದ್ದರು. ಆ ಹಸಿ ಸೊಪ್ಪು ಅವರ ಸೊಂಟ, ತಲೆ ಉಳಿಸಿತು. ಎಡಗೈ ಸುಟ್ಟಿತ್ತು.

ಎರಡು ಬೆರಳು ತೆಗೆದರು. ಆಸ್ಪತ್ರೆಯಲ್ಲಿ ತಿಂಗಳ ಮೇಲಾಯಿತು. ವಿಚಾರಣೆಗೆಂದು ಆಫೀಸಿನವರು ಓಣಿಗೆ ಬಂದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅವರು ಕೇಳುವ ಮೊದಲೇ ನಾನು, ನಮ್ಮ ಮೇನ್ ಇಳಿದಿತ್ತು ಎಂದು ಹೇಳಿದೆ. ಮೈದುನನೂ ಹಾಗೆಯೇ ನಂಬಿದ್ದ. ಲೈನ್‌ಮನ್ ತಾವೇ ಬರೆದುಕೊಟ್ಟರಂತೆ: ಕತ್ತಲಾಗುತ್ತಿತ್ತು, ಅವಸರ ಮಾಡಿದೆ, ಪರೀಕ್ಷಿಸದೆ ತಂತಿ ಮುಟ್ಟಿದೆ, ತಪ್ಪು ನನ್ನದು. ಅವರ ಸೇವಾ ಪುಸ್ತಕದಲ್ಲಿ ನಿರ್ಲಕ್ಷ್ಯ ಎಂಬ ಶಬ್ದ ಸೇರಿತು. ಇಪ್ಪತ್ತೈದು ವರ್ಷ ಬಾಗಿಲು ಬಾಗಿಲು ಬಡಿದ ಮನುಷ್ಯನಿಗೆ ಸಿಕ್ಕ ಶಬ್ದ ಅದು. ಮತ್ತೆ ಏಣಿ ಹತ್ತಿಸಲಿಲ್ಲ. ಹರಿಹರದ ಆಫೀಸಿನಲ್ಲಿ ದೂರಿನ ಫೋನು ಎತ್ತುವ ಕುರ್ಚಿಯಲ್ಲಿ ಕೂರಿಸಿದರು. ಓಣಿಯ ಮನೆ ಖಾಲಿ ಮಾಡಿ ಹೋದರು.

ಮೊಮ್ಮಗಳು ಹುಟ್ಟಿದ ಮೇಲೆ, ಶ್ರಾವಣದಲ್ಲಿ ಪೇಡೆ ಹಿಡಿದುಕೊಂಡು ಹರಿಹರಕ್ಕೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಅವರ ತಾಯಿ ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಎಪ್ಪತ್ತೈದರ ಮೇಲಿನ ಮುದುಕಿ, ಗಟ್ಟಿ ಗಂಟಲು. ನನಗೆ ಚಹಾ ಕೊಡಿಸಿ ಮಗನ ಮುಂದೆಯೇ ಮಗನನ್ನು ಬೈಯಲು ಕೂತರು. "ನೀವಾರ ಹೇಳ್ರಿ ಅಕ್ಕೋರೆ. ಇಷ್ಟು ವರ್ಷ ಕರೆಂಟಿನಾಗ ದುಡಿದೋನಿಗೆ ಮೈಮ್ಯಾಲೆ ಎಚ್ಚರ ಬ್ಯಾಡೇನು? ಕೈ ಕಳ್ಕೊಂಡು ಬಂದು ಕೂತಾನೆ." ಅವರು ತಲೆ ತಗ್ಗಿಸಿ ನಗುತ್ತಿದ್ದರು. ನಾನು ಚಹಾ ಕುಡಿದೆ. ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ.

ಲೈನ್‌ಮನ್ ನನ್ನನ್ನು ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಬಂದರು. ದಾರಿಯಲ್ಲಿ ಹೊಳೆ ನೋಡೋಣ ಎಂದರು. ಕೆಂಪು ನೀರು ಸುತ್ತಿ ಸುತ್ತಿ ಹೋಗುತ್ತಿತ್ತು. ಜನ ದಡದಲ್ಲಿ ನಿಂತು, ನಿನ್ನೆ ಯಾವ ಮೆಟ್ಟಿಲ ತನಕ ಇತ್ತು, ಇವತ್ತು ಯಾವ ಮೆಟ್ಟಿಲು ಮುಳುಗಿತು ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಅಲ್ಲಿ ಹೇಳಿದೆ. ಅವತ್ತು ನಮ್ಮ ಮೇನ್ ಇಳಿಸಿರಲಿಲ್ಲ ಎಂದೆ. ಅವರು ನೀರು ನೋಡುತ್ತಲೇ, ಗೊತ್ತಿದೆ ಎಂದರು. ಓಣಿಯಲ್ಲಿ ಜನರೇಟರ್ ಹಚ್ಚಿದ್ದು ನಮ್ಮ ಮನೆಯೊಂದೇ ಆಗಿತ್ತು. ಅಷ್ಟೂ ತಿಳಿಯದ ಲೈನ್‌ಮನ್ ಅವರಲ್ಲ. ಮತ್ಯಾಕೆ ಬರೆದುಕೊಟ್ಟಿರಿ ಎಂದು ಕೇಳಿದೆ.

"ಕುಬುಸದ ದಿನ ಅಕ್ಕೋರೆ. ಆ ಮನಿಯಿಂದ ಹಿಂಗಾತು ಅಂದ್ರೆ ಮಂದಿ ಕೂಸಿನ ಕಾಲ್ಗುಣ ಅಂತಾರ. ಹುಟ್ಟೋಕಿಂತ ಮೊದ್ಲು ಅದರ ತಲಿಮ್ಯಾಲೆ ಯಾಕ ಹೊರಸೋದು? ಈಗ ಬಿಡ್ರಿ."

ಆ ಬಿಡ್ರಿ ಎಂಬ ಮಾತನ್ನು ನಾನು ನನಗೆ ಬೇಕಾದ ಹಾಗೆ ಇಟ್ಟುಕೊಂಡೆ. ಅವರೇ ಬಿಡು ಎಂದ ಮೇಲೆ ಆಫೀಸಿಗೆ ಹೋಗಿ ಹೇಳುವುದೇನಿದೆ, ಹೇಳಿದರೆ ಮೈದುನನಿಗೆ ತೊಂದರೆ, ನನ್ನ ನೌಕರಿಗೆ ಮಾತು. ಹೀಗೆ ದಿನಕ್ಕೊಂದು ಕಾರಣ. ನ್ಯಾಯವಾಗಿ ಹೇಳಬೇಕೆಂದರೆ ನನಗೆ ಹೆದರಿಕೆಯಿತ್ತು, ಅಷ್ಟೇ. ಮಕ್ಕಳಿಗೆ ಸತ್ಯದ ಪದ್ಯ ಕಲಿಸುವವಳು ಸುಳ್ಳು ಹೇಳಿದಳು ಎನ್ನುತ್ತಾರಲ್ಲ ಎಂಬ ಹೆದರಿಕೆ.

ಅವರೋ, ವರ್ಷಕ್ಕೆ ನಾಲ್ಕೈದು ಸಲ ಫೋನು ಮಾಡುತ್ತಿದ್ದರು. ನನ್ನನ್ನು ಕೇಳಲಲ್ಲ, ಓಣಿಯನ್ನು ಕೇಳಲು. ಹೊಂಗೆ ಹೂ ಬಿಟ್ಟಿತೇ, ಮೂರನೇ ಕಂಬದ ಕಾಗೆ ಈ ಸಲವೂ ಅಲ್ಲೇ ಕಟ್ಟಿತೇ, ಮಘೆ ಮಳೆ ನಮ್ಮ ಕಡೆ ಎಷ್ಟು ಬಂತು. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು" ಎಂಬ ಗಾದೆ ಹೇಳದೆ ಆ ತಿಂಗಳ ಫೋನು ಮುಗಿಯುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರೆ ಆಕಾಶ ಕಾಣುವುದಿಲ್ಲ, ಮುಂದೆ ಗೋಡೆಯಿದೆ ಎಂದು ಒಮ್ಮೆ ಹೇಳಿದರು. ಅವರಿಗೆ ಹೇಳಲೆಂದೇ ನಾನು ಮರ ನೋಡಲು ಶುರುಮಾಡಿದ್ದು. ಎಲೆ ಯಾವಾಗ ಉದುರಿತು, ಯಾವ ದಿನ ಇರುವೆ ಮೊಟ್ಟೆ ಹೊತ್ತು ಗೋಡೆ ಹತ್ತಿತು, ಎಲ್ಲ ನೆನಪಿಟ್ಟು ಒಪ್ಪಿಸುತ್ತಿದ್ದೆ. ಪ್ರತಿ ಸಲವೂ ಇನ್ನೊಂದು ಮಾತು ನಾಲಿಗೆಯ ತುದಿಗೆ ಬರುತ್ತಿತ್ತು, ನಿಮ್ಮ ಆಫೀಸಿಗೆ ಬರುತ್ತೇನೆ ಎಂಬ ಮಾತು. ಅದನ್ನು ನುಂಗಿ ಕಾಗೆಯ ಸುದ್ದಿ ಹೇಳುತ್ತಿದ್ದೆ. ಮೂರು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡದ್ದೂ ಹೀಗೇ ಫೋನಿನಲ್ಲಿ ತಿಳಿಯಿತು. ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು, ಹೋಗಲಿಲ್ಲ.

ಹೋದ ತಿಂಗಳ ಬೀಳ್ಕೊಡುಗೆಗೆ ಓಣಿಯಿಂದ ನಾನೊಬ್ಬಳೇ ಹೋಗಿದ್ದೆ. ಆಫೀಸಿನ ಮೇಲಿನ ಹಾಲ್, ನಲವತ್ತು ಜನ, ಹೊಸದಾಗಿ ಸೇರಿದ ಹುಡುಗರು ಹಿಂದಿನ ಸಾಲಿನಲ್ಲಿ. ಹಾರ ಹಾಕಿ ಶಾಲು ಹೊದಿಸಿದರು. ಅವರು ಶಾಲಿನ ತುದಿಯನ್ನು ಎಡಗೈಯ ಮೇಲೆ ಎಳೆದುಕೊಂಡು ಕೂತಿದ್ದರು. ಮೇಲಧಿಕಾರಿ ಒಳ್ಳೆಯ ಮನುಷ್ಯನೇ ಇರಬೇಕು, ಚೆನ್ನಾಗಿ ಮಾತಾಡಿದರು. ಕೊನೆಗೆ ಹುಡುಗರ ಕಡೆ ತಿರುಗಿ, ಇವರನ್ನು ನೋಡಿ ನೀವೆಲ್ಲ ಒಂದು ಪಾಠ ಕಲಿಯಬೇಕು, ಎಂಥ ಅನುಭವಸ್ಥನಿಗೂ ಒಂದು ನಿಮಿಷದ ಅಜಾಗರೂಕತೆ ಎಷ್ಟು ದುಬಾರಿಯಾಗುತ್ತದೆ ನೋಡಿ ಎಂದರು. ಅಕ್ಕರೆಯಿಂದಲೇ ಹೇಳಿದರು. ಕೆಲವರು ನಕ್ಕರು. ಅವರೂ ನಕ್ಕರು. ಆಫೀಸಿನಲ್ಲಿ ಎಂಟು ವರ್ಷ ಹೊಸಬರಿಗೆಲ್ಲ ಇವರನ್ನು ತೋರಿಸಿ ಇದೇ ಪಾಠ ಹೇಳಿದ್ದಾರೆಂದು ಆ ನಗುವಿನಲ್ಲೇ ನನಗೆ ಗೊತ್ತಾಯಿತು.

ಯಾರೂ ಕರೆಯದೆ ನಾನು ಎದ್ದು ನಿಂತೆ. ನಾನು ಯಾರೆಂದು ಹೇಳಿದೆ. ಅವತ್ತು ಅವರು ಓಣಿಯ ಪ್ರತಿ ಬಾಗಿಲು ಬಡಿದದ್ದನ್ನು ಹೇಳಿದೆ, ನಮ್ಮ ಮನೆಗೆ ಬಂದು ಕೇಳಿದ್ದನ್ನು, ನಾನು ನೋಡದೆಯೇ ಇಳಿಸಿದ್ದೇವೆ ಎಂದದ್ದನ್ನು, ಆಮೇಲೆ ಬಾಗಿಲ ಹಿಂದೆ ಹೋಗಿ ಇಳಿಸಿದ್ದನ್ನು, ವಿಚಾರಣೆಯವರಿಗೆ ಸುಳ್ಳು ಹೇಳಿದ್ದನ್ನು. ಬೇಕಾದರೆ ಬರೆದು ಸಹಿ ಹಾಕಿ ಕೊಡುತ್ತೇನೆಂದೆ. ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದಿನ ಸಾಲಿನ ಹುಡುಗರು ಶಾಲು ಹೊದ್ದು ಕೂತಿದ್ದವರನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಅವರು ಮಾತ್ರ ನನ್ನ ಕಡೆ ತಿರುಗಲಿಲ್ಲ.

ಕೇಸರಿಬಾತು, ಮಿರ್ಚಿ ಕೊಟ್ಟರು, ತಿನ್ನಲಾಗಲಿಲ್ಲ. ಹೇಳಿಯಾಯಿತು, ಇನ್ನಾದರೂ ಈ ಚಡಪಡಿಕೆ ಹೋದೀತು ಎಂದುಕೊಂಡು ಹೊರಟೆ. ಅವರು ಹಾರ ಕೈಯಲ್ಲಿ ಹಿಡಿದು ಬಸ್ಸಿನ ತನಕ ಬಂದರು. ಮೋಡವೊಂದೂ ಇರಲಿಲ್ಲ. ಮೊದಲ ಸಲ ಅವರು ತಂತಿ ನೋಡದೆ ನನ್ನ ಮುಖ ನೋಡಿ ಮಾತಾಡಿದರು.

"ಚಲೋ ಮಾಡಿದ್ರಿ ಅಕ್ಕೋರೆ. ಆದ್ರೆ ನಮ್ಮವ್ವ ಇದ್ದಾಗ ಹೇಳಿದ್ರೆ ಅಕಿನೂ ಕೇಳ್ತಿದ್ಲು. ಮಗನಿಗೆ ಮೈಮ್ಯಾಲೆ ಎಚ್ಚರ ಇರ್ಲಿಲ್ಲ ಅಂತ ತಿಳ್ಕೊಂಡೇ ಹೋದ್ಲು."

ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ ಅದು. ಬಸ್ಸು ಬಂತು, ಹತ್ತಿದೆ. ಸೀಟುಗಳು ಖಾಲಿಯಿದ್ದವು. ದಾವಣಗೆರೆಯ ತನಕ ನಿಂತೇ ಬಂದೆ.